ಊರಿನ ಹೆಸರನ್ನು ತಿರುಗಿ ಕೂಗುವುದು

ಲಾರಿ ಪಾರ್ಸಲ್ ಕಚೇರಿಯ ಕೌಂಟರಿನಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಓದಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ಒಂದು ಟೈಪಿಂಗ್ ಪರೀಕ್ಷೆ. ಸಂಬಳ ಯಾವಾಗ ಏರಿತು, ಹುದ್ದೆಯ ಹೆಸರು ಯಾವಾಗ ಬದಲಾಯಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಈಗ ಕೆಲಸಕ್ಕೆ ಸೇರುವವರಿಗೆ ಏನೂ ಉಪಯೋಗವಿಲ್ಲ. ನಮ್ಮ ಕಚೇರಿಯ ಹಳೆಯ ಕಂಪ್ಯೂಟರ್ ಪ್ರೋಗ್ರಾಮನ್ನು ಕಿತ್ತು, ವಯಸ್ಸಾದ ಗುಮಾಸ್ತರ ಕೈಗೆ ಹೊಂದುವಂತೆ ಹೊಸದಾಗಿ ಕಟ್ಟಿದ ಕೆಲಸದಲ್ಲಿ ನನ್ನ ಪಾಲಿದೆ. ನಾನು ಹೆಮ್ಮೆಯಿಂದ ಹೇಳಿಕೊಳ್ಳುವುದು ಅದೊಂದನ್ನೇ. ಆದರೆ ಆ ಹಳೆಯ ಪ್ರೋಗ್ರಾಂ ಅವರ ಕೈಗೆ ಹೊಂದದಂತೆ ಆಗಿದ್ದರಲ್ಲೂ ನನ್ನ ಪಾಲಿತ್ತು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡರೆ ಇಷ್ಟು ಬರೆದದ್ದು ವ್ಯರ್ಥ. ಆದ್ದರಿಂದ ಎರಡನ್ನೂ ಹೇಳುತ್ತೇನೆ.

ನಮ್ಮ ಹಳೆಯ ಕಚೇರಿ ಹುಬ್ಬಳ್ಳಿಯ ಕಮರಿಪೇಟೆಯ ಒಂದು ಓಣಿಯಲ್ಲಿತ್ತು. ಮುಂದೆ ಕೌಂಟರ್, ಹಿಂದೆ ಗೋದಾಮು, ನಡುವೆ ಒಂದು ತೆಳ್ಳಗಿನ ಗೋಡೆ. ಗೋದಾಮಿನ ಬಾಗಿಲ ಪಕ್ಕದ ಕುರ್ಚಿಗೆ ‘ಮೊದಲ ಕುರ್ಚಿ’ ಎನ್ನುತ್ತಿದ್ದೆವು. ಅಲ್ಲಿ ಗುರುಸಿದ್ದಪ್ಪನವರು ಕೂರುತ್ತಿದ್ದರು. ನನಗಿಂತ ಹಿರಿಯರು. ರಸೀದಿ ಬರೆಯುವುದರಿಂದ ಹಿಡಿದು ಗಿರಾಕಿಯನ್ನು ಸಮಾಧಾನ ಮಾಡುವವರೆಗೆ ಎಲ್ಲವನ್ನೂ ನನಗೆ ಕಲಿಸಿದವರು ಅವರೇ.

ಕಂಪ್ಯೂಟರ್ ಬರುವ ಮೊದಲು ಕೆಲಸ ಹೀಗೆ ನಡೆಯುತ್ತಿತ್ತು. ಮಾಲು ಇಳಿದ ಕೂಡಲೇ ಹಮಾಲರ ಮುಖಂಡ ಹುಸೇನಸಾಬ ಅದರ ಮೇಲಿನ ವಿಳಾಸ ನೋಡಿ ಕೂಗುತ್ತಿದ್ದ. ಮೊದಲು ಊರು, ಆಮೇಲೆ ಯಾರಿಗೆ, ಆಮೇಲೆ ಎಷ್ಟು ನಗ, ಕೊನೆಗೆ ಏನು ಮಾಲು. ನಗ ಎಂದರೆ ಕಟ್ಟು ಅಥವಾ ಪೆಟ್ಟಿಗೆ. “ಅಣ್ಣಿಗೇರಿ, ಬಸಪ್ಪ ಕಿರಾಣಿ, ಎರಡ ನಗ, ಚಾಪುಡಿ.” ಗುರುಸಿದ್ದಪ್ಪನವರು ಬರೆದುಕೊಂಡು, ತಲೆ ಎತ್ತದೆ, ಊರಿನ ಹೆಸರನ್ನು ಮಾತ್ರ ತಿರುಗಿ ಕೂಗುತ್ತಿದ್ದರು. “ಅಣ್ಣಿಗೇರಿ.” ಹುಸೇನಸಾಬ “ಹೌದ್ರಿ” ಅಂದ ಮೇಲೆಯೇ ಮಾಲು ಒಳಗೆ ಹೋಗುತ್ತಿತ್ತು. ದಿನವಿಡೀ ಇದೇ ಸದ್ದು. “ನಾ ಹೌದ್ರಿ ಅನ್ನಲಿಲ್ಲಂದ್ರ ಸತ್ತೇನಿ ಅಂತ ತಿಳೀರಿ” ಎಂದು ಅವನು ನಗುತ್ತಿದ್ದ.

ತೊಂಬತ್ತರ ದಶಕದ ನಡುವೆ ನಮ್ಮ ಸಾಹುಕಾರರು ಒಂದು ಕಂಪ್ಯೂಟರ್ ತರಿಸಿದರು. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಇಲ್ಲ. ಧಾರವಾಡದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಒಬ್ಬರು ಪ್ರೋಗ್ರಾಂ ಬರೆದುಕೊಟ್ಟರು. ಟೈಪಿಂಗ್ ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ ಅವರ ಪಕ್ಕ ಕೂತು ಏನೇನು ಬೇಕು ಎಂದು ಹೇಳುವ ಕೆಲಸ ನನಗೆ ಬಂತು. ಯಂತ್ರ ಬಲು ನಿಧಾನ. ಊರಿನ ಹೆಸರನ್ನು ಪೂರ್ತಿ ಹೊಡೆಯುವ ಬದಲು ಪ್ರತಿ ಊರಿಗೂ ಒಂದು ನಂಬರ್ ಕೊಡೋಣ ಎಂದದ್ದು ನಾನು. ಊರುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸಿ ನಂಬರ್ ಹಾಕಿದವನೂ ನಾನೇ. ವಾರದೊಳಗೆ ಎಲ್ಲವೂ ನನಗೆ ಬಾಯಿಪಾಠವಾಯಿತು.

ಬೇರೆಯವರಿಗೆ ಆಗಲಿಲ್ಲ. ಗುರುಸಿದ್ದಪ್ಪನವರು, ಶಂಕ್ರಪ್ಪ ಎಂಬ ಇನ್ನೊಬ್ಬ ಹಿರಿಯ ಗುಮಾಸ್ತರು, ಎಲ್ಲರೂ ಐವತ್ತು ದಾಟಿದವರು. ದಿನವಿಡೀ ನನ್ನನ್ನು ಕೇಳುವುದೇ ಆಯಿತು. “ಈರಣ್ಣ, ಬಾಗಲಕೋಟಿ ಎಷ್ಟೋ?” “ಈರಣ್ಣ, ಸವದತ್ತಿ?” ನಾನು ಕೂತಲ್ಲಿಂದಲೇ ಅಂಕಿ ಎಸೆಯುತ್ತಿದ್ದೆ. ಗಿರಾಕಿಗಳು ಬೆರಗಾಗಿ ನೋಡುತ್ತಿದ್ದರು. ಸಾಹುಕಾರರು ಬಂದವರಿಗೆಲ್ಲ “ನಮ್ಮ ಈರಣ್ಣನ ತಲಿನೇ ಒಂದು ಕಂಪ್ಯೂಟರ್ ನೋಡ್ರಿ” ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿಯವನಿಗೆ ಅದಕ್ಕಿಂತ ದೊಡ್ಡ ಪದವಿ ಯಾವುದು?

ಈಗ ತಪ್ಪಿನ ಮಾತು. ಆ ಪ್ರೋಗ್ರಾಮಿನ ಮೊದಲ ರೂಪದಲ್ಲಿ ನಂಬರ್ ಒತ್ತಿದ ಮೇಲೆ ಪಕ್ಕದಲ್ಲಿ ಊರಿನ ಹೆಸರು ಮೂಡುತ್ತಿತ್ತು. ಒಂದು ಕ್ಷಣ ತಡವಾಗಿ ಮೂಡುತ್ತಿತ್ತು, ಅಷ್ಟೇ. ನಾನು ಅದನ್ನು ತೆಗೆಸಿದೆ. “ಹೆಸರು ಯಾಕ್ರಿ, ನಂಬರ್ ಸಾಕು, ಲಗೂ ಆಗತೈತಿ” ಅಂದೆ. ಲಗೂ ಆದದ್ದು ಖರೆ. ಆದರೆ ಒಳಗಿನ ಮಾತು ಬೇರೆ ಇತ್ತು. ಹೆಸರು ಮೂಡಿದರೆ ಅವರು ಒಂದೊಂದೇ ನಂಬರ್ ಒತ್ತಿ ನೋಡಿ ತಾವೇ ಕಲಿಯುತ್ತಿದ್ದರು. ಆಗ ನನ್ನನ್ನು ಯಾರು ಕೇಳುತ್ತಿದ್ದರು?

ಹೆಸರು ಹೋದ ಮೇಲೆ ಪರದೆಯಲ್ಲೂ ಅಂಕಿ, ರಸೀದಿಯಲ್ಲೂ ಅಂಕಿ, ಮಾಲಿಗೆ ಅಂಟಿಸುವ ಚೀಟಿಯಲ್ಲೂ ಅಂಕಿ. ತಿರುಗಿ ಕೂಗಲು ಗುಮಾಸ್ತನ ಕಣ್ಣೆದುರು ಊರೇ ಇರಲಿಲ್ಲ. ಕೆಲ ದಿನ ಗುರುಸಿದ್ದಪ್ಪನವರು ನೆನಪಿನಿಂದಲೇ ಕೂಗಿದರು. ಆಮೇಲೆ ಅದೂ ನಿಂತಿತು. ಹುಸೇನಸಾಬನ “ಹೌದ್ರಿ” ಕೂಡ ನಿಂತಿತು. ಕಚೇರಿ ಗಪ್ಪಾಯಿತು. ಅದನ್ನು ನಾನು ಶಿಸ್ತು ಎಂದು ತಿಳಿದೆ.

ಒಂದು ಲಗ್ನದ ಸೀಸನ್ನಿನಲ್ಲಿ ಗಜೇಂದ್ರಗಡಕ್ಕೆ ಹೋಗಬೇಕಾದ ಮದುವೆ ಕಾರ್ಡಿನ ಕಟ್ಟು ಗೋಕಾಕಕ್ಕೆ ಹೋಯಿತು. ಗಜೇಂದ್ರಗಡ ಮೂವತ್ತನಾಲ್ಕು, ಗೋಕಾಕ ಮೂವತ್ತೇಳು. ಕೀಬೋರ್ಡಿನ ಬಲಬದಿಯ ಅಂಕಿಗಳಲ್ಲಿ ನಾಲ್ಕರ ನೆತ್ತಿಯ ಮೇಲೆಯೇ ಏಳು ಇದೆ. ಗುರುಸಿದ್ದಪ್ಪನವರ ಬೆರಳು ಒಂದು ಮನೆ ಮೇಲೆ ಜಾರಿತ್ತು. ಕಟ್ಟಿನ ಮೇಲೆ ಪೆನ್ನಿನಲ್ಲಿ ಊರು ಬರೆದಿದ್ದರೂ ಲಾರಿಗೆ ಹೇರುವವರು ಚೀಟಿಯ ಅಂಕಿ ನೋಡಿ ಹೇರುತ್ತಿದ್ದರು. ಕಟ್ಟು ಪತ್ತೆಯಾಗಿ ವಾಪಸ್ಸು ಬರುವಷ್ಟರಲ್ಲಿ ಹಂಚುವ ಹೊತ್ತು ಮೀರಿತ್ತು. ಹುಡುಗಿಯ ತಂದೆ ಮನೆಮನೆಗೆ ಹೋಗಿ ಬಾಯಿಮಾತಿನಲ್ಲಿ ಕರೆಯಬೇಕಾಯಿತು.

ಆ ಮನುಷ್ಯ ನಮ್ಮ ಕಚೇರಿಗೆ ಬಂದ. ಗದ್ದಲ ಮಾಡಲಿಲ್ಲ. ಪ್ರೆಸ್ಸಿನವರು ಮಾದರಿಗೆಂದು ಕೊಟ್ಟಿದ್ದ ಒಂದು ಕಾರ್ಡನ್ನು ಗುರುಸಿದ್ದಪ್ಪನವರ ಮುಂದೆ ಇಟ್ಟ. “ಊರ ಮಂದಿಗೆ ಕೊಡಾಕ ಕಾರ್ಡಿಲ್ಲರಿ. ಇದೊಂದ ಉಳದೈತಿ. ನೀವರ ಬರ್ರಿ” ಅಂದ. ಸಾಹುಕಾರರು ಎಲ್ಲರೆದುರು ಗುರುಸಿದ್ದಪ್ಪನವರನ್ನು ಬಯ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. “ಈರಣ್ಣ, ಮಷಿನ್‌ದೇನರ ತಪ್ಪೈತೇನು?”

“ಮಷಿನ್ ಏನ್ ಕೊಟ್ರ ಅದನ್ನ ತಗೋತೈತ್ರಿ” ಅಂದೆ.

ಅದು ಸುಳ್ಳಲ್ಲ. ಅದಕ್ಕೇ ಅದು ಇಷ್ಟು ವರ್ಷ ನನ್ನ ಗಂಟಲಲ್ಲಿ ಉಳಿದದ್ದು. ಗುರುಸಿದ್ದಪ್ಪನವರು ಆ ಕಾರ್ಡನ್ನು ಎತ್ತಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಮಾರನೆಯ ವಾರದಿಂದ ಅವರಿಗೆ ಗೋದಾಮಿನಲ್ಲಿ ಚೀಟಿ ಅಂಟಿಸುವ ಕೆಲಸ. ಮೊದಲ ಕುರ್ಚಿಯಲ್ಲಿ ನಾನು.

ಹೀಗೆ ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿತು. ಹಸಿರು ಅಕ್ಷರದ ಯಂತ್ರ ಕೆಮ್ಮತೊಡಗಿತು. ಅದನ್ನು ರಿಪೇರಿ ಮಾಡುವವರೂ ಸಿಗದಂತಾದರು. ಹೊಸ ಪ್ರೋಗ್ರಾಂ ಬರೆಯಲು ಧಾರವಾಡದಿಂದ ವಿದ್ಯಾ ಎಂಬ ಹೆಣ್ಣುಮಗಳು ಬಂದಳು. ಹುಷಾರಿ, ಮಾತು ಮೆತ್ತಗೆ. ಬಂದವಳೇ ನನ್ನೆದುರು ಸ್ಟೂಲ್ ಎಳೆದುಕೊಂಡು ಕೂತಳು.

“ಕಾಕಾ, ಹಿರಿಯರಿಗೆ ಈ ಹಳೇದರಾಗ ಯಾವುದು ತ್ರಾಸ ಆಗ್ತದ?”

“ಏನೂ ಇಲ್ಲ ಬಿಡವಾ. ಕಲಿಯೋ ಮನಸಿಲ್ಲ ಅವರಿಗೆ, ಅಷ್ಟ.”

ಅವಳು ನನ್ನ ಮಾತು ನಂಬಿದಳು. ಕಚೇರಿಯಲ್ಲಿ ಕಂಪ್ಯೂಟರ್ ತಿಳಿದವನು ನಾನೇ ಅಲ್ಲವೇ? ಈ ಕೆಲಸಕ್ಕೆ ಬರುವ ಮಕ್ಕಳಿಗೆ ಇಲ್ಲೊಂದು ಮಾತು ಹೇಳುತ್ತೇನೆ. ಪ್ರೋಗ್ರಾಂ ಯಾರಿಗೆ ಕಷ್ಟವಾಗಿದೆಯೋ ಅವರ ಪಕ್ಕ ಹೋಗಿ ಕೂರಿ. ಅದು ಸಲೀಸಾಗಿ ಬರುವವನನ್ನು ಕೇಳಿದರೆ ಅವನು ತನ್ನ ಜಾಣತನವನ್ನೇ ನಿಮಗೆ ಹೇಳುತ್ತಾನೆ.

ವಿದ್ಯಾ ಮೊದಲು ಕಟ್ಟಿದ ಪ್ರೋಗ್ರಾಂ ನೋಡಲು ಚೆಂದವಿತ್ತು. ಬಣ್ಣ, ಚೌಕಟ್ಟು, ಮೌಸ್. ಆದರೆ ನಮ್ಮ ಕೌಂಟರಿನ ಮೇಲೆ ಮೌಸ್ ಆಡಿಸಲು ಜಾಗವೇ ಇಲ್ಲ. ಗಿರಾಕಿ ತಂದ ಪೆಟ್ಟಿಗೆಯನ್ನು ಅದರ ಮೇಲೆಯೇ ಇಡುತ್ತಿದ್ದ. ಅಂಟಿನ ಕೈಯಲ್ಲಿ ಹಿಡಿದು ಹಿಡಿದು ಒಂದು ಮೌಸ್ ಮೇಜಿಗೇ ಅಂಟಿಕೊಂಡಿತು. ಅಕ್ಷರಗಳು ಬೂದುಬಣ್ಣದವು, ಸಣ್ಣವು. ಇಷ್ಟು ಸಾಲದೆಂಬಂತೆ ಪ್ರತಿ ಮಾಲಿಗೂ ನಡುಪರದೆಯಲ್ಲಿ ‘ಖಚಿತವೇ?’ ಎಂದು ಒಂದು ಪ್ರಶ್ನೆ ಎದ್ದು ನಿಲ್ಲುತ್ತಿತ್ತು. ಶಂಕ್ರಪ್ಪನವರಿಗೆ ಅದರ ಮೇಲೆ ಬಲು ಸಿಟ್ಟು. “ಏನವಾ ಇದು, ಪ್ರತೀ ಸಲ ಖರೇನ ಅಂತ ಕೇಳತೈತಿ. ನಾ ಏನ್ ಸುಳ್ಳ ಹೇಳಾಕ ಕುಂತೇನೇನು? ನಮ್ಮ ಮನಿಯಾಕಿ ಸೈತ ಇಷ್ಟ ಕೇಳೂದಿಲ್ಲ.” ಕೊನೆಗೆ ಅವರು ಅದನ್ನು ಓದುವುದನ್ನೇ ಬಿಟ್ಟು ‘ಹೌದು’ ಒತ್ತತೊಡಗಿದರು. ಎಲ್ಲರೂ ಹಾಗೇ ಮಾಡಿದರು. ಓದದೆ ಒತ್ತುವ ‘ಹೌದು’ ಯಾವ ತಪ್ಪನ್ನು ಹಿಡಿದೀತು?

ಅದೇ ಹೊತ್ತಿಗೆ ಗಬ್ಬೂರಿನ ಬೈಪಾಸ್ ಹತ್ತಿರ ನಮ್ಮ ಹೊಸ ಗೋದಾಮು ಏಳುತ್ತಿತ್ತು. ಕೆಟ್ಟ ಸುದ್ದಿ ಹೇಳುವಾಗ ಸಾಹುಕಾರರು ಎದುರಿನವರ ಮುಖ ನೋಡುತ್ತಿರಲಿಲ್ಲ, ನಿಂತ ಲಾರಿಯ ಟೈರು ನೋಡುತ್ತಿದ್ದರು. ಅಂದೂ ಟೈರು ನೋಡುತ್ತಲೇ ಹೇಳಿದರು. “ಯುಗಾದಿಗೆ ಗಬ್ಬೂರಿಗೆ ಹೋಗೋದೈತಿ. ಹೊಸಾದನ್ನ ನಡಸವ್ರು ಅಲ್ಲಿಗೆ ಬರ್ರಿ. ಬರಲಾರದವ್ರು ಮನ್ಯಾಗ ಆರಾಮ ಇರ್ರಿ. ಚೀಟಿ ಅಂಟಸೋದೂ ಇನ್ನ ಮಷಿನ್ನೇ ಮಾಡತೈತಿ.”

ಆ ಕೊನೆಯ ಮಾತು ಯಾರಿಗೆ ಹೇಳಿದ್ದೆಂದು ಎಲ್ಲರಿಗೂ ತಿಳಿಯಿತು. ಗುರುಸಿದ್ದಪ್ಪನವರು ಅಂಟಿನ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಹಾಕುತ್ತಿದ್ದರು. ಅವರಿಗೆ ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದವು.

ನನ್ನ ಮಟ್ಟಿಗೆ ನಾನು ನಿಶ್ಚಿಂತನಾಗಿದ್ದೆ. ಆಗ ನನ್ನ ಕಣ್ಣು ಕೈಕೊಟ್ಟಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣಿನದನ್ನು ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದೆ. ರಜೆ ಹೆಚ್ಚು ದಿನ ಹಾಕಿದರೆ ಮೊದಲ ಕುರ್ಚಿ ಹೋದೀತೆಂಬ ಭಯ. ಕೂತು ನೋಡಿದರೆ ಆ ಬೂದುಬಣ್ಣದ ಅಕ್ಷರಗಳು ಬರೀ ಧೂಳಿನಂತೆ ಕಂಡವು. ಹೊರಗೆ ಮಾಲು ಬೀಳುತ್ತಿತ್ತು. ಹಳೆಯ ನಂಬರುಗಳು ಬಾಯಿಗೆ ಬಂದರೂ ಹೊಸ ಪ್ರೋಗ್ರಾಮಿನಲ್ಲಿ ಅವು ನಡೆಯುತ್ತಿರಲಿಲ್ಲ. ವಿದ್ಯಾ ಪಕ್ಕದಲ್ಲಿ ಪ್ರಿಂಟರ್ ಜೋಡಿಸುತ್ತಿದ್ದಳು. ಅವಳೆದುರು ಕಾಣುವುದಿಲ್ಲ ಎನ್ನಲು ನಾಚಿಕೆಯಾಗಿ, ಗೋದಾಮಿನ ಕಡೆ ತಿರುಗಿ ಮೆಲ್ಲಗೆ ಕರೆದೆ.

“ಅಣ್ಣಾರ, ಒಂದೀಟ ಇಲ್ಲಿ ಬರ್ರಿ. ಇದರಾಗ ಏನೇನ ಕೇಳತೈತಿ ಓದ್ರಿ. ನಾ ಒತ್ತತೇನಿ.”

ಗುರುಸಿದ್ದಪ್ಪನವರು ಕೈಯ ಅಂಟನ್ನು ಧೋತರಕ್ಕೆ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತರು. ಹೊರಗೆ ಹುಸೇನಸಾಬ ಕೂಗಿದ. “ರೋಣ, ಸೈಕಲ್ ಅಂಗಡಿ, ನಾಲ್ಕ ನಗ, ಟಾಯರ್.”

“ಕಳಿಸಿದವರ ಹೆಸರು ಅಂತ ಕೇಳತೈತಿ” ಎಂದು ಓದಿದರು.

“ಯಾರು ಕಳಿಸಿದವ್ರು?”

“ಅಂವ ಇನ್ನೂ ಹೇಳಿಲ್ಲ.”

“ಮುಂದ?”

“ಕಳಿಸಿದವರ ಊರು. ಆಮ್ಯಾಲ ಮಾಲು. ಆಮ್ಯಾಲ ನಗ. ಮುಟ್ಟಬೇಕಾದ ಊರು ಎಲ್ಲಾಕಿಂತ ತಳಕ್ಕೈತಿ.” ಅಷ್ಟರಲ್ಲಿ ಹುಸೇನಸಾಬ ಮುಂದಿನ ಮಾಲು ಕೂಗಿಬಿಟ್ಟಿದ್ದ. ಗುರುಸಿದ್ದಪ್ಪನವರು ನಕ್ಕರು. “ಅಂವ ಕೂಗೋದು ತಲಿಯಿಂದ ಕಾಲಿಗೆ. ಇದು ಕೇಳೋದು ಕಾಲಿಂದ ತಲಿಗೆ. ನಡುವ ಕುಂತಂವ ಎಷ್ಟಂತ ಹಿಡಕೊಳ್ಳೋದೋ ತಮ್ಮಾ?”

“ಇದನ್ನ ಮೊದಲ ಯಾಕ ಹೇಳಲಿಲ್ರಿ?”

“ಯಾರ ಕೇಳಿದ್ರು? ಆ ತಂಗಿ ನಿನ್ನ ಕೇಳಿತು. ಕಲಿಯೋ ಮನಸಿಲ್ಲ ಅಂತ ನೀ ಹೇಳಿದಿ. ಗೋಡಿ ತೆಳ್ಳಗೈತಿ.”

ನಾನು ಕೀಬೋರ್ಡಿನ ಕಡೆ ತಿರುಗಿದೆ. ಹಾಗೂ ಹೀಗೂ ಕೊನೆಯ ಸಾಲಿಗೆ ಬಂದೆವು. ನಾನು ಊರಿನ ಹೆಸರನ್ನು ಕುರುಡಾಗಿ ಒತ್ತಿದೆ. “ಯಾವ ಊರು ಬಂತು ನೋಡ್ರಿ” ಅಂದೆ. ಅವರು ಪರದೆಯ ಹತ್ತಿರ ಬಗ್ಗಿ ನೋಡಿದರು. ನನಗೆ ಹೇಳಬೇಕಾದ್ದನ್ನು ಹಳೆಯ ರೂಢಿಯಂತೆ ಹೊರಗಿನವರಿಗೆ ಕೇಳುವ ಹಾಗೆ ಕೂಗಿಬಿಟ್ಟರು.

“ರೋಣ.”

ಹೊರಗೆ ನಗ ಇಳಿಸುವ ಸದ್ದು ನಿಂತಿತು. ಆಮೇಲೆ ಅಲ್ಲಿಂದ ಬಂತು, ಎಷ್ಟೋ ವರ್ಷಗಳ ಮೇಲೆ.

“ಹೌದ್ರಿ.”

ವಿದ್ಯಾ ಪ್ರಿಂಟರ್ ಬಿಟ್ಟು ತಲೆ ಎತ್ತಿದಳು. “ಅದೇನು ಕಾಕಾ?” ನಾನು ವಿವರಿಸಿದೆ. ಊರನ್ನು ತಿರುಗಿ ಕೂಗುತ್ತಿದ್ದದ್ದು, ಆ ‘ಹೌದ್ರಿ’ ಇಲ್ಲದೆ ಮಾಲು ಅಲುಗದೇ ಇದ್ದದ್ದು. ಅದು ಯಾಕೆ ನಿಂತಿತು ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳು ಗೋದಾಮಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ದಿನಗಟ್ಟಲೆ ಕೂತು ಕೇಳಿದಳು. ಒಂದು ದಿನ ಬಂದು “ಕಾಕಾ, ಆ ‘ಖಚಿತವೇ’ ಅನ್ನೋದನ್ನ ಕಿತ್ತ ಹಾಕೋಣು. ಆ ಪ್ರಶ್ನೆ ಹುಸೇನ್ ಚಾಚಾನ್ನ ಕೇಳೋಣು” ಅಂದಳು.

ಆಮೇಲೆ ನಡೆದ ಕೆಲಸ ನನ್ನ ಹೆಮ್ಮೆ. ಕಣ್ಣು ಸುಧಾರಿಸುವವರೆಗೆ ವಿದ್ಯಾ ನನ್ನನ್ನೇ ಅಳತೆಗೋಲು ಮಾಡಿಕೊಂಡಳು. ಪೊರೆ ಉಳಿದಿದ್ದ ಎಡಗಣ್ಣಿಗೆ ಕಂಡರೆ ಅಕ್ಷರ ಪಾಸು, ಇಲ್ಲವಾದರೆ ಇನ್ನೂ ದೊಡ್ಡದು. ಮೌಸ್ ಹೋಯಿತು. ಪರದೆ ಕೇಳುವ ಕ್ರಮವೂ ಹುಸೇನಸಾಬ ಕೂಗುವ ಕ್ರಮವೂ ಒಂದೇ ಆದವು. ಊರುಗಳದ್ದು ದೊಡ್ಡ ತೊಡಕಾಗಿತ್ತು. ಅಕ್ಷರದ ಕ್ರಮದಲ್ಲಿ ಜೋಡಿಸಿದರೆ ಗಜೇಂದ್ರಗಡ, ಗದಗ, ಗೋಕಾಕ ಒಂದೇ ಗುಂಪಿಗೆ ಬಿದ್ದು ಮತ್ತೆ ಅದೇ ಗತಿ. ಆಗ ನಾನು ಹೇಳಿದ್ದು ಲೈನಿನ ವಿಚಾರ. ನಮ್ಮವರ ತಲೆಯಲ್ಲಿ ಊರುಗಳು ಕೂತಿರುವುದು ಲಾರಿ ಹೋಗುವ ದಾರಿಯ ಹಾಗೆ. ಗದಗ ಲೈನಿಗೆ ಒಂದು ಗುಂಡಿ. ಒತ್ತಿದರೆ ಅಣ್ಣಿಗೇರಿ, ಗದಗ, ರೋಣ, ಗಜೇಂದ್ರಗಡ, ಲಾರಿ ಮುಟ್ಟುವ ಸಾಲಿನಲ್ಲೇ ಬರಬೇಕು. ಸವದತ್ತಿ ಲೈನಿಗೆ ಇನ್ನೊಂದು ಗುಂಡಿ. ಗೋಕಾಕ ಅದರ ತುದಿಗೆ ಹೋಯಿತು. ಗುಂಡಿಗಳಿಗೆ ಬೇರೆ ಬೇರೆ ಬಣ್ಣದ ಕಾಗದ ಅಂಟಿಸಿದವರು ಗುರುಸಿದ್ದಪ್ಪನವರು. ಊರು ಆರಿಸಿದ ಕೂಡಲೇ ಪರದೆಯ ತುಂಬ ಒಂದೇ ಹೆಸರು, ಕನ್ನಡದಲ್ಲಿ, ಮುಷ್ಟಿಯಷ್ಟು ದೊಡ್ಡ ಅಕ್ಷರದಲ್ಲಿ. ಗುಮಾಸ್ತ ಅದನ್ನು ಕೂಗಬೇಕು. ‘ಹೌದ್ರಿ’ ಕೇಳಿದ ಮೇಲೆ ದೊಡ್ಡ ಗುಂಡಿ ಒತ್ತಬೇಕು. ಹಳೆಯ ಯಂತ್ರದಲ್ಲಿ ನಾನು ಕಷ್ಟಪಟ್ಟು ಕಟ್ಟಿದ ನಂಬರುಗಳನ್ನು ನಾನೇ ಕೂತು ಒಂದೊಂದಾಗಿ ಅಳಿಸಿದೆ. ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಯುಗಾದಿಗೆ ಮೊದಲು ಸಾಹುಕಾರರು ಬಂದು ನೋಡಿದರು. ಶಂಕ್ರಪ್ಪನವರು ಊರು ಕೂಗುತ್ತ ಸರಸರ ಒತ್ತುತ್ತಿದ್ದರು. ಸಾಹುಕಾರರು ಪರದೆಯನ್ನೇ ದಿಟ್ಟಿಸಿ ಕೇಳಿದರು. “ಈ ಊರ ಹೆಸರು ಮೊದಲಿನದರಾಗ ಯಾಕ ತೋರಸತಿರಲಿಲ್ಲೋ ಈರಣ್ಣ?”

“ಆಗಿನ ಮಷಿನ್ ಹಂಗಿತ್ರಿ” ಅಂದೆ.

ಮತ್ತೆ ಅದೇ. ಈ ಸಲ ಪೂರ್ತಿ ಸುಳ್ಳು. ಅಂದು ಊಟದ ಹೊತ್ತಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದ ಗುರುಸಿದ್ದಪ್ಪನವರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಹೆಸರು ಮೂಡುತ್ತಿತ್ತು, ತೆಗೆಸಿದವನು ನಾನು, ಅದಿದ್ದರೆ ಕಾರ್ಡಿನ ಕಟ್ಟು ತಪ್ಪುತ್ತಿರಲಿಲ್ಲ ಎಂದು. ಅವರು ತುತ್ತು ನುಂಗಿ ನೀರು ಕುಡಿದರು.

“ಬೆರಳು ಜಾರಿದ್ದು ನಂದು. ಅದಕ್ಕ ನಾ ಆ ಮದುವಿಗೆ ಹೋಗಿದ್ದೆ. ಕಾರ್ಡ್ ಕೊಟ್ಟಿದ್ರಲ್ಲ. ಪಂಗತಿಯೊಳಗ ನಿಂತು ಬಡಿಸಿದೆ. ಹುಡುಗಿ ಅಪ್ಪ ಕಡೀಕ ತಾನ ನನ್ನ ಕೂಡಿಸಿ ಉಣಿಸಿದ. ನನ್ನ ಪಾಲಿಂದು ಅಲ್ಲಿಗೆ ಮುಗೀತು.” ಡಬ್ಬಿ ಮುಚ್ಚಿದರು. “ನಿನ್ನ ಪಾಲಿಂದು ನನ್ನ ಮುಂದ ಹೇಳಿದ್ರ ಹೆಂಗ ಮುಗೀತೈತಿ? ಬಯ್ಯಿಸಿಕೊಂಡಂವ ನಾನು. ಬಯ್ದವ್ರು ಅಲ್ಲಿ ಕುಂತಾರ.”

ಸಾಹುಕಾರರ ಕೋಣೆಗೆ ಹೋಗಿ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆಂದೇ ತಿಳಿದಿದ್ದೆ. ಅವರು ಕಿಟಕಿಯಾಚೆ ಟೈರು ನೋಡುತ್ತಲೇ ಹೇಳಿದರು. “ಅಂವನ್ನ ನಾ ಎಲ್ಲಾರ ಮುಂದ ಬಯ್ದಿದ್ದೆ. ಕ್ವಾಣಿಯೊಳಗ ಬಂದು ಹೇಳತಿ ನೀ. ಗಬ್ಬೂರಿಗೆ ಹೋದ ದಿನ ಎಲ್ಲಾರ ಮುಂದ ಹೇಳು.”

ಯುಗಾದಿಯ ಬೇವುಬೆಲ್ಲ ಹಂಚಿದ ಮೇಲೆ, ಹೊಸ ಗೋದಾಮಿನ ಸುಣ್ಣದ ವಾಸನೆಯಲ್ಲಿ ನಿಂತು ಹೇಳಿದೆ. ಹಮಾಲರು, ಡ್ರೈವರುಗಳು, ವಿದ್ಯಾ, ಎಲ್ಲರೂ ಇದ್ದರು. ಉದ್ದ ಹೇಳಲಿಲ್ಲ. ಗೋದಾಮಿನ ಬಾಗಿಲ ಪಕ್ಕದ ಕುರ್ಚಿಯ ಮೇಲಿದ್ದ ನನ್ನ ಟವೆಲ್ಲನ್ನು ಎತ್ತಿಕೊಂಡು ಎರಡನೆಯ ಕುರ್ಚಿಗೆ ಹಾಕಿದೆ. ಗುರುಸಿದ್ದಪ್ಪನವರು “ಆತು, ಲಾರಿ ನಿಂತಾವು” ಎನ್ನುತ್ತ ಬಂದು ಮೊದಲ ಕುರ್ಚಿಯಲ್ಲಿ ಕೂತರು.

ಹುಸೇನಸಾಬ ರಾಶಿಯ ಮೇಲಿದ್ದ ಪೆಟ್ಟಿಗೆಗಳನ್ನು ಬಿಟ್ಟು ಕೆಳಗಿನದೊಂದನ್ನು ಎಳೆದು ತೆಗೆದ. ಬೇಕೆಂದೇ ಎಳೆದ ಎಂದು ಅವನ ಮುಖದಲ್ಲೇ ಕಾಣುತ್ತಿತ್ತು.

“ಗಜೇಂದ್ರಗಡ, ಪಾತ್ರಿ ಅಂಗಡಿ, ಒಂದ ನಗ, ಕುಕ್ಕರ್.”

ಗುರುಸಿದ್ದಪ್ಪನವರ ಬೆರಳು ಗದಗ ಲೈನಿನ ಹಳದಿ ಗುಂಡಿಗೆ ಹೋಯಿತು. ಸಾಲಿನ ತುದಿಯ ಊರನ್ನು ಆರಿಸಿದ ಕೂಡಲೇ ಪರದೆಯ ತುಂಬ ಆ ಹೆಸರು ಮೂಡಿತು. ಕನ್ನಡಕವಿಲ್ಲದೆಯೂ ನನಗೆ ಕಂಡಿತು. ಅವರು ತಲೆ ಎತ್ತದೆ ಕೂಗಿದರು. “ಗಜೇಂದ್ರಗಡ.”

ಹುಸೇನಸಾಬ ಬಾಯಿ ಬಿಡಲಿಲ್ಲ. ಪೆಟ್ಟಿಗೆಯ ವಿಳಾಸದ ಬದಿಯನ್ನು ನನ್ನ ಕಡೆ ತಿರುಗಿಸಿ, ಅದರ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತ ನಿಂತ. ಗುರುಸಿದ್ದಪ್ಪನವರ ಬೆರಳು ದೊಡ್ಡ ಗುಂಡಿಯ ಮೇಲೆ ಕಾಯುತ್ತಿತ್ತು.

“ಹೌದ್ರಿ” ಎಂದು ನಾನು ಕೂಗಿದೆ.

ಪೆಟ್ಟಿಗೆ ಒಳಗೆ ಹೋಯಿತು.